ಘಟ್ಟದ ಮೇಲಿನ ಬಂದರು

ಕಣ್ಣಿಂದ ನೋಡದ ವಸ್ತುವಿನ ಮೇಲೆ ಪಾಂಡಿತ್ಯ ಗಳಿಸುವುದು ಬಹಳ ಸುಲಭ. ನೋಡಿದವನಿಗೆ ಸಂಶಯಗಳು ಹುಟ್ಟುತ್ತವೆ. ನೋಡದವನು ಪುಸ್ತಕದಲ್ಲಿ ಬರೆದದ್ದನ್ನು ನಂಬಿ ಬಾಯಿಪಾಠ ಮಾಡಿಬಿಡುತ್ತಾನೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹಡಗು ಸಾಗಣೆ ಮತ್ತು ಬಂದರು ಆಡಳಿತ ಎಂಬ ವಿಷಯದಲ್ಲಿ ಪದವಿಯ ಮೇಲಿನ ವ್ಯಾಸಂಗವನ್ನು ನಾನು ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ಬಾಡಿಗೆ ಮನೆಯೊಂದರ ನಡುಮನೆಯಲ್ಲಿ, ಗೋಡೆಗೆ ಒರಗಿ ಕೂತು ಮಾಡಿದವನು. ಸಮುದ್ರವನ್ನು ಆಗ ನೋಡಿರಲಿಲ್ಲ. ಈಗಲೂ ನೋಡಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ. ನಾನು ಕಂಡ ಅತಿ ದೊಡ್ಡ ನೀರೆಂದರೆ ಮಳೆಗಾಲದ ತುಂಗೆ. ಅತಿ ದೊಡ್ಡ ಹಡಗೆಂದರೆ ಅದರಲ್ಲಿ ಮೀನು ಹಿಡಿಯುವವರ ತೆಪ್ಪ. ಆದರೂ ಲಿವರ್‌ಪೂಲಿನ ಧಕ್ಕೆಯಲ್ಲಿ, ಎಂದರೆ ಹಡಗು ಬಂದು ನಿಲ್ಲುವ ಕಟ್ಟೆಯಲ್ಲಿ, ಹತ್ತಿಯ ಮೂಟೆಗಳನ್ನು ಹೇಗೆ ಇಳಿಸಬೇಕೆಂದು ಯಾರಾದರೂ ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಈ ಹುಚ್ಚು ಹಿಡಿದದ್ದು ಭದ್ರಾವತಿಯಲ್ಲಿ. ನಾನು ಅಲ್ಲಿನ ಕಬ್ಬಿಣದ ಕಾರ್ಖಾನೆಯ ರವಾನೆ ವಿಭಾಗದಲ್ಲಿ ಗುಮಾಸ್ತ. ಬೆಳಿಗ್ಗೆಯ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದೆ. ಸರಕು ತುಂಬಿದ ವ್ಯಾಗನ್ನುಗಳಿಗೆ ಚೀಟಿ ಅಂಟಿಸುವುದು, ವ್ಯಾಗನ್ನು ಹೊತ್ತಿಗೆ ಸರಿಯಾಗಿ ಖಾಲಿಯಾಗದೆ ನಿಂತರೆ ರೈಲಿನವರು ಹಾಕುವ ದಂಡಕ್ಕೆ ಸಮಜಾಯಿಷಿ ಬರೆಯುವುದು ನನ್ನ ಕೆಲಸ. ಬಿ.ಕಾಂ. ಓದಿದವನು ಚೀಟಿ ಅಂಟಿಸುತ್ತಾ ಮುದುಕನಾಗಬೇಕೇ ಎಂದು ನನ್ನೊಳಗೆ ಒಂದು ಸಿಡುಕು ಯಾವಾಗಲೂ ಇತ್ತು. ಕನ್ನಡದ ಸೀಮೆಗಳೆಲ್ಲ ಒಂದಾಗಿ ಮಂಗಳೂರು ನಮ್ಮ ರಾಜ್ಯಕ್ಕೆ ಸೇರಿದ ಹೊಸದು. ಅದುವರೆಗೆ ಸಮುದ್ರವಿಲ್ಲದೆ ನೆಮ್ಮದಿಯಾಗಿದ್ದ ನಮಗೆ ಇದ್ದಕ್ಕಿದ್ದಂತೆ ಒಂದು ಸಮುದ್ರ ಬಂದುಬಿಟ್ಟಿತು. ಚಹಾದ ಹೊತ್ತಿನಲ್ಲಿ ಎಲ್ಲರದೂ ಅದೇ ಮಾತು: ಅಲ್ಲಿ ದೊಡ್ಡ ಬಂದರು ಆಗುತ್ತದಂತೆ, ಕಬ್ಬಿಣವೆಲ್ಲ ಹಡಗಿನಲ್ಲಿ ಹೋಗುತ್ತದಂತೆ, ಹಡಗಿನ ಶಾಸ್ತ್ರ ಬಲ್ಲವನಿಗೆ ಫ್ಯಾನಿನ ಕೆಳಗೆ ಕೋಟು ಹಾಕಿಕೊಂಡು ಕೂರುವ ಕೆಲಸವಂತೆ. ಕೇಳಿದವರೆಲ್ಲ ಚಹಾ ಕುಡಿದು ಲೋಟ ಇಟ್ಟು ಹೋದರು. ನಾನೊಬ್ಬನೇ ನಂಬಿದೆ. ಮುಂಬಯಿಯ ಒಂದು ಸಂಸ್ಥೆ ಅಂಚೆಯ ಮೂಲಕ ಈ ವಿದ್ಯೆ ಕಲಿಸುತ್ತದೆಂದು ಯಾರೋ ಹೇಳಿದ್ದೇ ಸಾಕಾಯಿತು. ಪಾಠದ ಕಟ್ಟುಗಳು ಬರತೊಡಗಿದವು.

ಮೊದಲ ಕಟ್ಟಿನಿಂದಲೇ ಮನೆಯವರಿಗೆ ತೊಂದರೆ ಶುರುವಾಯಿತು. ಹಡಗಿನ ಹೊಟ್ಟೆಯಲ್ಲಿ ಸರಕನ್ನು ಹೇಗೆ ಜೋಡಿಸಬೇಕೆಂಬ ಪಾಠ ಬಂದ ವಾರ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಶಾಸ್ತ್ರೋಕ್ತವಾಗಿ ಜೋಡಿಸಿದೆ. ಭಾರವಾದದ್ದು ಕೆಳಗೆ, ವಾಸನೆಯದು ದೂರ, ಬೇಗ ಬೇಕಾಗುವುದು ಬಾಗಿಲ ಹತ್ತಿರ. ನನ್ನ ತಂಗಿ ಶಾಂತಾ ಮಾರನೆಯ ಬೆಳಿಗ್ಗೆ ಉಪ್ಪು ಹುಡುಕುತ್ತಾ ನಿಂತಳು. ನಾನು ನಕ್ಷೆ ನೋಡಿ ಹೇಳುವಷ್ಟರಲ್ಲಿ ಒಲೆಯ ಮೇಲಿನ ಸಾರು ತಳ ಹತ್ತಿತ್ತು. ಸಮುದ್ರದ ಉಬ್ಬರ ಇಳಿತದ ಪಾಠ ಅರ್ಥವಾಗದೆ ಒಂದು ಭಾನುವಾರ ಹೊಳೆಯ ಸೇತುವೆಯ ಮೇಲೆ ನಿಂತು ಸಂಜೆಯವರೆಗೆ ತುಂಗೆಯನ್ನು ದಿಟ್ಟಿಸಿದೆ. ತುಂಗೆ ಹರಿಯುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಸೇತುವೆಯ ಮೇಲೆ ಹೋಗುತ್ತಿದ್ದ ಪರಿಚಯದವರೊಬ್ಬರು ನನ್ನ ಮುಖ ನೋಡಿ, ಏನಾದರೂ ತೊಂದರೆಯಿದ್ದರೆ ಹೇಳಿಕೊಳ್ಳಪ್ಪ, ದುಡುಕಬೇಡ ಎಂದು ತೋಳು ಹಿಡಿದು ಮನೆಯವರೆಗೂ ಬಿಟ್ಟುಹೋದರು.

ತೊಂದರೆ ಇಲ್ಲದೆ ಇರಲಿಲ್ಲ. ನಾನು ಓದಲು ಕೂರುತ್ತಿದ್ದ ನಡುಮನೆಯ ಎದುರು ಗೋಡೆಗೆ ಅಪ್ಪನ ಮಂಚವಿತ್ತು. ಅಪ್ಪ ಬೆಲ್ಲದ ಮಂಡಿಯಲ್ಲಿ ದಲ್ಲಾಳಿಯಾಗಿದ್ದವರು. ಅವರ ಗಂಟಲು ಮಂಡಿಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಯಾರು ಏನು ಕೇಳಿದರೂ ಮೊದಲು ‘ಆಗಲ್ಲ’ ಎಂದು, ಆಮೇಲೆ ಏನು ಕೇಳಿದ್ದು ಎಂದು ವಿಚಾರಿಸುವ ಪದ್ಧತಿ ಅವರದು. ಅಮ್ಮ ಬದುಕಿದ್ದಷ್ಟು ದಿನವೂ ಈ ‘ಆಗಲ್ಲ’ದ ಜೊತೆಗೇ ಸಂಸಾರ ಮಾಡಿ, ತಾನು ಸಾಯುವುದಕ್ಕೆ ಮಾತ್ರ ಯಾರನ್ನೂ ಕೇಳದೆ ಹೋಗಿಬಿಟ್ಟಳು. ಅದಾದ ಕೆಲವು ವರ್ಷಕ್ಕೆ ಒಂದು ಮಧ್ಯಾಹ್ನ ಅಪ್ಪ ಮಂಡಿಯಲ್ಲಿ ಬೆಲ್ಲದ ಮೂಟೆಗಳ ನಡುವೆ ಬಿದ್ದರು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಮಾತು, ‘ಆಯ್ತು’.

ದೇವರಿಗೂ ಒಂದು ಬಗೆಯ ಕ್ರೂರವಾದ ತಮಾಷೆಯ ಸ್ವಭಾವವಿದೆ ಎಂದು ನನಗೆ ಗಟ್ಟಿಯಾದದ್ದು ಆಗ. ಜೀವಮಾನದಲ್ಲಿ ಯಾವುದಕ್ಕೂ ಒಪ್ಪದ ಮನುಷ್ಯ ಈಗ ಎಲ್ಲಕ್ಕೂ ಒಪ್ಪುತ್ತಿದ್ದರು. ಅಪ್ಪಾ, ಗಂಜಿ ಕುಡೀತೀರಾ? ಆಯ್ತು. ಬಿಸಿಯಾಯ್ತಾ? ಆಯ್ತು. ತಣ್ಣಗಾಯ್ತಾ? ಆಯ್ತು. ನೋಯುತ್ತಾ ಎಂದರೂ ಅದೇ, ನೋಯಲ್ವಾ ಎಂದರೂ ಅದೇ. ಒಳಗೆ ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಬಾಯಿಗೆ ಬೇರೆ ಮಾತು ಬರುತ್ತಿರಲಿಲ್ಲ, ಅಷ್ಟೆ. ಕೆಲವೊಮ್ಮೆ ಕಣ್ಣು ಕೆಂಪಗೆ ಮಾಡಿ, ಎಡಗೈಯಿಂದ ಹಾಸಿಗೆ ಬಡಿಯುತ್ತಾ ‘ಆಯ್ತು, ಆಯ್ತು’ ಎಂದು ಅಬ್ಬರಿಸುತ್ತಿದ್ದರು. ಅದು ‘ಆಗಲ್ಲ’ ಎಂದು ಮನೆಯವರಿಗೆ ತಿಳಿಯುತ್ತಿತ್ತು. ನನಗೆ ಹೆಣ್ಣು ಕೊಡಲು ಬಂದವರಿಗೆ ತಿಳಿಯುತ್ತಿರಲಿಲ್ಲ. ಅವರು ಬಂದು, ಉಪ್ಪಿಟ್ಟು ತಿಂದು, ಹುಡುಗ ಏನು ಓದುತ್ತಿದ್ದಾನೆಂದು ಕೇಳಿ, ಬಂದರು ಎಂದಾಗ ಯಾವ ಬಂದರು ಎಂದು ಗಾಬರಿಯಾಗಿ, ಕೊನೆಗೆ ಮಂಚದ ಕಡೆ ನೋಡುತ್ತಿದ್ದರು. ಕೋಣೆಯಲ್ಲಿ ಫಿನಾಯಿಲಿನ ವಾಸನೆಯಿತ್ತು, ಫಿನಾಯಿಲು ಮುಚ್ಚಲಾರದ ಇನ್ನೊಂದು ವಾಸನೆಯೂ ಇತ್ತು. ಆಮೇಲೆ ತಿಳಿಸುತ್ತೇವೆ ಎಂದು ಹೋದವರು ಯಾರೂ ತಿಳಿಸಲಿಲ್ಲ.

ಶಾಂತಾಳ ವಿಷಯಕ್ಕೆ ಬರುತ್ತೇನೆ. ಅಪ್ಪ ಬಿದ್ದಾಗ ಅವಳು ಇಂಟರ್‌ಮೀಡಿಯೆಟ್ ಓದುತ್ತಿದ್ದಳು. ಶಾಲೆಯ ಮೇಡಮ್ಮಾಗಬೇಕೆಂಬುದು ಅವಳ ಆಸೆ. ಆಸ್ಪತ್ರೆಯ ಜಗಲಿಯಲ್ಲಿ ನಾವು ಮೂವರು ನಿಂತಿದ್ದೆವು: ನಾನು, ಅವಳು, ಹೊಳೆಹೊನ್ನೂರಿನಿಂದ ಓಡಿಬಂದ ನಮ್ಮ ಚಿಕ್ಕಪ್ಪ. ಚಿಕ್ಕಪ್ಪ ನಮ್ಮಪ್ಪನ ಒಬ್ಬನೇ ತಮ್ಮ. ಅಪ್ಪ ತನ್ನ ಪಾಲಿನ ಗದ್ದೆಯನ್ನೂ ಅವರಿಗೇ ಉಳಲು ಬಿಟ್ಟು ಪೇಟೆಗೆ ಬಂದವರು, ಒಂದು ದಿನವೂ ಪಾಲು ಕೇಳಿದವರಲ್ಲ. ಇನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಹುಡುಗಿ ಮನೇಲಿರಲಿ, ಗಂಡಸು ಕೆಲಸ ಬಿಡೋಕಾಗುತ್ತಾ ಎಂದರು. ನಾನು ತಲೆಯಾಡಿಸಿದೆ. ಶಾಂತಾಳನ್ನು ಯಾರೂ ಕೇಳಲಿಲ್ಲ. ಅಲ್ಲಿಂದ ಮುಂದೆ ಅವಳು ಆ ಮಂಚದಿಂದ ಕೂಗಳತೆಯ ಆಚೆ ಹೋಗಿದ್ದನ್ನು ನಾನು ಕಾಣೆ. ಪಕ್ಕದ ಮನೆಯಲ್ಲಿ ಕೂತು ಎರಡು ಮಾತಾಡಿದರೂ ಒಂದು ಕಿವಿ ನಮ್ಮ ಬಾಗಿಲಲ್ಲೇ ಇರುತ್ತಿತ್ತು. ಚಿಕ್ಕಪ್ಪ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ಒಂದು ಕುಂಬಳಕಾಯಿ ತಂದು, ಅಣ್ಣನ ಕಾಲು ಮುಟ್ಟಿ, ಏನು ಬೇಕಾದರೂ ಹೇಳಿ, ಸಂಕೋಚ ಬೇಡ ಎಂದು ನಾಲ್ಕು ಸಲ ಹೇಳಿ, ನಾವು ಹೇಳುವಷ್ಟರಲ್ಲಿ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೂ ಬಾಯಲ್ಲಿ ಅದನ್ನೇ ಮಾಡುತ್ತಿದ್ದೇನೆ, ಕುಂಬಳಕಾಯಿಯನ್ನೂ ತರುತ್ತಿಲ್ಲ ಎಂಬುದು ಹೊಳೆಯುತ್ತಿರಲಿಲ್ಲ.

ನನಗೆ ಪಾಠವನ್ನು ಗಟ್ಟಿಯಾಗಿ ಓದುವ ಚಟ. ಓದಿದ್ದನ್ನು ಯಾರಿಗಾದರೂ ವಿವರಿಸದಿದ್ದರೆ ನೆನಪಿರುವುದಿಲ್ಲ. ಎದ್ದು ಹೋಗಲಾರದ ಶ್ರೋತೃಗಳು ಮನೆಯಲ್ಲಿ ಇಬ್ಬರಿದ್ದರು. ಅಪ್ಪ ಮಂಚದ ಮೇಲೆ, ಶಾಂತಾ ಅವರ ಬೆನ್ನು ಒರೆಸುತ್ತಲೋ ಬಟ್ಟೆ ಬದಲಿಸುತ್ತಲೋ ಮಂಚದ ಪಕ್ಕದಲ್ಲಿ. ನನಗೆ ಅತ್ಯಂತ ಮೆಚ್ಚಿಗೆಯಾದ ಪಾಠ ಜನರಲ್ ಆವರೇಜ್ ಎಂಬುದು. ಹೆಸರು ಕೇಳಿ ಅಂಕಗಣಿತ ಎಂದುಕೊಳ್ಳಬೇಡಿ, ಇದು ಸಮುದ್ರದ ಬಹಳ ಹಳೆಯ ಕಟ್ಟಳೆ. ಬಿರುಗಾಳಿಗೆ ಸಿಕ್ಕಿದ ಹಡಗು ಇನ್ನೇನು ಮುಳುಗುತ್ತದೆ ಎನ್ನುವಾಗ ಕಪ್ತಾನ ಯಾವನೋ ಒಬ್ಬನ ಸರಕನ್ನು ನೀರಿಗೆ ಎಸೆಯಿಸುತ್ತಾನೆ. ಹಗುರಾದ ಹಡಗು ದಡ ಸೇರುತ್ತದೆ. ಆಗ ಸರಕು ಕಳೆದುಕೊಂಡವನು ಹಣೆಬರಹವೆಂದು ಅಳುತ್ತಾ ಮನೆಗೆ ಹೋಗಬೇಕಾಗಿಲ್ಲ. ಯಾರ ಯಾರ ಸರಕು ನೆಟ್ಟಗೆ ದಡ ಮುಟ್ಟಿತೋ ಅವರೆಲ್ಲರೂ, ಹಡಗಿನ ಯಜಮಾನನೂ ಸೇರಿ, ಅವನ ನಷ್ಟದಲ್ಲಿ ತಮ್ಮ ತಮ್ಮ ಪಾಲು ಹೊರಬೇಕು. ಎಂಥ ನ್ಯಾಯ, ಎಂಥ ಧರ್ಮ ಎಂದು ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಶಾಂತಾ ಬೇರೆ ಯಾವ ಪಾಠಕ್ಕೂ ಬಾಯಿ ತೆರೆದವಳಲ್ಲ. ಅವತ್ತು ಮಾತ್ರ, ಎಸೆಯುವ ಮೊದಲು ಸರಕಿನವನನ್ನು ಕೇಳುತ್ತಾರಾ ಎಂದಳು. ಕೇಳುವುದಕ್ಕೆ ಹೊತ್ತೆಲ್ಲಿರುತ್ತದೆ ಎಂದೆ. ಇನ್ನೊಂದು ಸಲ ಓದು ಎಂದಳು. ನನಗೆ ಬಹಳ ಸಂತೋಷವಾಗಿ ಎರಡು ಸಲ ಓದಿದೆ.

ಈ ಮಧ್ಯೆ ನನಗೆ ಸಮುದ್ರ ತೋರಿಸಲು ಪಣ ತೊಟ್ಟವನೊಬ್ಬನಿದ್ದ. ಸತ್ತಾರ್ ಎಂದು ಹೆಸರು. ಭದ್ರಾವತಿಯಿಂದ ಮಂಗಳೂರಿಗೆ ಲಾರಿ ಓಡಿಸುತ್ತಿದ್ದ. ಚೀಟಿ ಮಾಡಿಸಲು ನನ್ನ ಮೇಜಿಗೆ ಬಂದಾಗಲೆಲ್ಲ ಕರೆಯುತ್ತಿದ್ದ. “ಬನ್ನಿ ಸಾಹೇಬ್ರೆ, ಮುಂದಿನ ಸೀಟು ಖಾಲಿ ಐತೆ. ಕಿತಾಬು ಸೀಟಿನ್ ಕೆಳಗೆ ಇಟ್ಕಳಿ” ಎನ್ನುತ್ತಿದ್ದ. ನನಗೋ ಪರೀಕ್ಷೆ ಹತ್ತಿರ, ಸಮುದ್ರದ ವಿಷಯ ಓದುವುದು ರಾಶಿ ಇರುವಾಗ ಸಮುದ್ರ ನೋಡಲು ಪುರಸೊತ್ತೆಲ್ಲಿ? ಹೇಗಿದೆ ಸಮುದ್ರ ಎಂದು ಒಮ್ಮೆ ಕೇಳಿದೆ. ಅವನು ತಲೆ ಕೆರೆದುಕೊಂಡು, ಸರಕು ಇಳಿಸುವಷ್ಟು ಹೊತ್ತೂ ಲಾರಿಯ ಕೆಳಗೆ ಮಲಗಿರುತ್ತೇನೆ, ಆ ಕಡೆ ತಿರುಗಿ ನೋಡಿದ್ದು ಜ್ಞಾಪಕವಿಲ್ಲ ಎಂದ. ನಮ್ಮಿಬ್ಬರ ಜ್ಞಾನ ಹೆಚ್ಚುಕಡಿಮೆ ಒಂದೇ ಮಟ್ಟದ್ದೆಂದು ತಿಳಿದು ನನಗೆ ಸಮಾಧಾನವಾಯಿತು.

ಲಿಖಿತ ಪರೀಕ್ಷೆಗಳೆಲ್ಲ ಪಾಸಾದವು. ಇನ್ನು ಆರು ತಿಂಗಳು ಮುಂಬಯಿಯ ಧಕ್ಕೆಯಲ್ಲಿ ಪ್ರತ್ಯಕ್ಷ ಕಲಿತರೆ ವ್ಯಾಸಂಗ ಮುಗಿಯಿತು, ಕಲಿಯದಿದ್ದರೆ ಓದಿದ್ದೆಲ್ಲ ನೀರಿನಲ್ಲಿ ಹೋಮ. ಬರಲು ಹೇಳಿ ಸಂಸ್ಥೆಯಿಂದ ಕಾಗದ ಬಂತು. ಅದನ್ನು ನಾನು ಚಿಕ್ಕಪ್ಪ ಕುಂಬಳಕಾಯಿ ತಂದಿದ್ದ ಒಂದು ಭಾನುವಾರ ಮಧ್ಯಾಹ್ನ ಗಂಭೀರವಾಗಿ ಓದಿ ಹೇಳಿದೆ. ಚಿಕ್ಕಪ್ಪನಿಗೆ ಪರಮಾನಂದವಾಯಿತು.

“ಹೋಗ್ಬಾರಪ್ಪ. ಇಲ್ಲೇನು ಯೋಚ್ನೆ? ಶಾಂತಾ ಇದಾಳಲ್ಲ.”

ಶಾಂತಾ ಮಂಚದ ಪಕ್ಕ ಕೂತು ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಳು. ಚಮಚವನ್ನು ಬಟ್ಟಲಿನಲ್ಲಿ ಇಟ್ಟಳು.

“ನಾನಿರಲ್ಲ ಚಿಕ್ಕಪ್ಪ. ಮಂಗಳೂರಲ್ಲಿ ಟೀಚರ್ ಟ್ರೈನಿಂಗ್‌ಗೆ ಸೀಟ್ ಸಿಕ್ಕಿದೆ. ಬರೋ ತಿಂಗಳು ಹೋಗ್ತೀನಿ.”

ಕಾಲೇಜು ಬಿಟ್ಟವಳು ಮನೆಯಲ್ಲೇ ಓದಿ ಖಾಸಗಿಯಾಗಿ ಇಂಟರ್‌ಮೀಡಿಯೆಟ್ ಮುಗಿಸಿದ್ದಳು. ಪರೀಕ್ಷೆಯ ದಿನಗಳಲ್ಲಿ ಪಕ್ಕದ ಮನೆಯ ಅಜ್ಜಿಯನ್ನು ಅಪ್ಪನ ಹತ್ತಿರ ಕೂರಿಸಿ ಹೋಗಿಬಂದಿದ್ದಳಂತೆ. ಅದೇ ನಡುಮನೆಯಲ್ಲಿ ಕೂತಿದ್ದ ವಿದ್ಯಾವಂತನಾದ ನನಗೆ ಇದು ಗೊತ್ತಿರಲಿಲ್ಲ. ಕೇಳಿದ ಕೂಡಲೇ ನನಗೆ ಸಿಟ್ಟು ಬಂತು. ಮನೆಯ ಹಿರಿಯರು ಬದುಕಿರುವಾಗ ಅವರನ್ನು ಕೇಳಬೇಡವೇ ಎಂದು ದೊಡ್ಡ ದನಿ ತೆಗೆದು, ಮಂಚದ ಹತ್ತಿರ ಹೋಗಿ, ಅಪ್ಪಾ ನಾನು ಬೊಂಬಾಯಿಗೆ ಹೋಗಲಾ ಎಂದೆ. ಆಯ್ತು ಎಂದರು. ನಾನು ಗೆದ್ದವನಂತೆ ಚಿಕ್ಕಪ್ಪನ ಕಡೆ ನೋಡಿದೆ. ಶಾಂತಾ ಕೂತಲ್ಲಿಂದಲೇ ಬಾಗಿ, ಅಪ್ಪಾ ನಾನು ಮಂಗಳೂರಿಗೆ ಹೋಗಲಾ ಎಂದಳು. ಆಯ್ತು ಎಂದರು. ಎಂದವರು ಅಳತೊಡಗಿದರು. ಗಂಜಿ ಕಟವಾಯಿಯಿಂದ ಇಳಿಯುತ್ತಿತ್ತು. ಅವರು ಅಳುವಾಗ ಮುಖದ ಅರ್ಧ ಭಾಗ ಮಾತ್ರ ಅಳುತ್ತಿತ್ತು, ಇನ್ನರ್ಧ ಸುಮ್ಮನೆ ನೋಡುತ್ತಿತ್ತು. ಅದನ್ನು ನೋಡಿದರೆ ಯಾರಿಗೂ ಊಟ ಸೇರುವುದಿಲ್ಲ. ಶಾಂತಾ ಸೆರಗಿನಿಂದ ಅವರ ಬಾಯಿ ಒರೆಸಿ ನನ್ನ ಕಡೆ ತಿರುಗಿದಳು.

“ಅಣ್ಣ, ನೀನೇ ಓದಿ ಹೇಳಿದ್ದು ಅದು. ಅಪ್ಪ ಬಿದ್ದಾಗ ಈ ಮನೆ ಮುಳುಗ್ತಿತ್ತು. ನೀರಿಗೆ ಎಸೆದಿದ್ದು ನನ್ನ ಓದು. ನಿನ್ನ ಕೆಲಸ ದಡ ಮುಟ್ತು, ನಿನ್ನ ಪರೀಕ್ಷೆ ದಡ ಮುಟ್ತು, ಚಿಕ್ಕಪ್ಪನ ಗದ್ದೆ ದಡ ಮುಟ್ತು. ನನ್ನ ನಷ್ಟಕ್ಕೆ ನೀವಿಬ್ರು ಏನು ತುಂಬ್ತೀರಿ, ಹೇಳಿ.”

ಇಂಥ ಹೊತ್ತಿನಲ್ಲಿ ಮನುಷ್ಯರಾದವರು ತಲೆ ತಗ್ಗಿಸುತ್ತಾರೆ. ನಾನು ಪಾಠದ ಉಪನಿಯಮಗಳನ್ನು ಉದ್ಧರಿಸಿದೆ. ಆ ಕಟ್ಟಳೆ ಎಲ್ಲದಕ್ಕೂ ಅನ್ವಯಿಸುವುದಿಲ್ಲ, ಸರಕು ತಾನಾಗಿ ಹೋದರೆ ಅದು ಅವನವನ ನಷ್ಟ, ಕಪ್ತಾನ ಬೇಕೆಂದೇ ಅಪ್ಪಣೆ ಕೊಟ್ಟು ಎಸೆಯಿಸಿರಬೇಕು, ನಮ್ಮ ಮನೆಯಲ್ಲಿ ಕಪ್ತಾನ ಎಲ್ಲಿದ್ದ ಎಂದು ಕೇಳಿದೆ. ಕೇಳಿ, ಇನ್ನು ಉತ್ತರವಿಲ್ಲ ಎಂದು ಕಾಲ ಮೇಲೆ ಕಾಲು ಹಾಕಿದೆ. ಶಾಂತಾ ಚಿಕ್ಕಪ್ಪನನ್ನು ನೋಡಿದಳು. ಚಿಕ್ಕಪ್ಪ ಸಂಜೆಯ ಬಸ್ಸಿಗೆಂದು ಆಗಲೇ ಚಪ್ಪಲಿಗೆ ಕಾಲು ಹಾಕಿದ್ದರು. ಅವರಿಗೆ ಹಡಗಿನ ಗಂಧ ಗಾಳಿ ಇಲ್ಲದಿದ್ದರೂ ಆಸ್ಪತ್ರೆಯ ಜಗಲಿ ಜ್ಞಾಪಕಕ್ಕೆ ಬಂದಿರಬೇಕು. ಮುಖದ ಬಣ್ಣ ಇಳಿಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು ಅಣ್ಣನ ಕಾಲ ಹತ್ತಿರ ಕೂತರು. ಹೊಳೆಹೊನ್ನೂರಿನ ಬಸ್ಸು ಅವರನ್ನು ಬಿಟ್ಟೇ ಹೋಯಿತು.

“ಹುಡುಗಿ ಮನೇಲಿರಲಿ ಅಂದೋನು ನಾನೇ ಕಣಮ್ಮ. ಗದ್ದೆ ನೋಡಕ್ಕೆ ಹುಡುಗ್ರು ಅವ್ರೆ. ಹಗಲೊತ್ತು ನಾನಿರ್ತೀನಿ ಇಲ್ಲಿ.”

ಉಳಿದವನು ನಾನು. ಒಂದು ವರ್ಷ ಕಾಯಬಾರದೇ ಎಂದು ಶಾಂತಾಳನ್ನು ಕೇಳಿದೆ. ಮುಂದಿನ ವರ್ಷಕ್ಕೆ ತನಗೆ ವಯಸ್ಸು ಮೀರುತ್ತದೆ ಎಂದಳು. ನನ್ನ ಸಂಸ್ಥೆಯೂ ಅಷ್ಟು ಕಾಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ. ಯಾವ ಬಿರುಗಾಳಿಯೂ ಇಲ್ಲದ ಭಾನುವಾರ ಮಧ್ಯಾಹ್ನ, ಘಟ್ಟದ ಮೇಲೆ, ನನ್ನ ಮುಂಬಯಿ ಹೀಗೆ ನೀರಿಗೆ ಬಿತ್ತು. ಮುಂದಿನ ತಿಂಗಳು ಶಾಂತಾಳ ಟ್ರಂಕು ಮತ್ತು ಹಾಸಿಗೆ ಸತ್ತಾರನ ಲಾರಿಯಲ್ಲಿ ಹೋದವು. ಚಿಕ್ಕಪ್ಪ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದರು. ಈಗಾದರೂ ಬನ್ನಿ ಸಾಹೇಬ್ರೆ ಎಂದು ಸತ್ತಾರ್ ಕರೆದ. ಅಪ್ಪನ ಹತ್ತಿರ ಯಾರಿರುತ್ತಾರೆ ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಆಮೇಲಿನದು ಹೇಳಬಾರದು, ಆದರೆ ಹೇಳುತ್ತೇನೆ. ಮೊದಲ ಬೆಳಿಗ್ಗೆ ಅಪ್ಪನನ್ನು ಮಗ್ಗುಲು ಹೊರಳಿಸಿದಾಗ ಅವರ ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣು ಕಂಡಿತು. ಶಾಂತಾ ದಿನವೂ ಅದನ್ನು ತೊಳೆದು ಔಷಧಿ ಹಚ್ಚುತ್ತಿದ್ದಳು. ನಾನು ಎದುರು ಗೋಡೆಗೆ ಒರಗಿ ಗಟ್ಟಿಯಾಗಿ ಓದುತ್ತಿದ್ದೆನೇ ಹೊರತು ಒಮ್ಮೆಯೂ ಅದನ್ನು ನೋಡಿರಲಿಲ್ಲ. ಬೃಹತ್ತಾದ ಹಡಗನ್ನು ಹಗ್ಗ ಕಟ್ಟಿ ಧಕ್ಕೆಗೆ ಎಳೆದು ನಿಲ್ಲಿಸುವ ಕ್ರಮವನ್ನು ಚಿತ್ರಸಮೇತ ಬರೆದು ಒಳ್ಳೆಯ ಅಂಕ ಪಡೆದಿದ್ದ ನನಗೆ ಮೂಳೆ ಚಕ್ಕಳವಾಗಿದ್ದ ಒಬ್ಬ ಮುದುಕನನ್ನು ನೋಯದಂತೆ ಹೊರಳಿಸಲು ಬರಲಿಲ್ಲ. ಅಪ್ಪ ಹಲ್ಲು ಕಚ್ಚಿ ‘ಆಯ್ತು’ ಎಂದರು. ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ, ಅಳುವೂ ಬಂತು. ಆಮೇಲೆ ಬಂದು ಬಟ್ಟೆ ಒಗೆದೆ, ರೈಲಿಗೆ ಓಡಿದೆ. ಸಂಜೆ ಮತ್ತೆ ಅದೇ. ಕಾರ್ಖಾನೆಯಲ್ಲಿ ನನ್ನ ಕೈಗೆ ಫಿನಾಯಿಲ್ ವಾಸನೆ ಬರುತ್ತದೆಂದು ಪಕ್ಕದ ಮೇಜಿನವರು ಸ್ವಲ್ಪ ಸರಿದು ಕೂತರು. ಹಗಲು ಚಿಕ್ಕಪ್ಪನ ಪಾಳಿ. ಅವರು ಹೊತ್ತು ಹೋಗದೆ ಅಣ್ಣನ ಜೊತೆ ಹಳೆಯ ಜಗಳಗಳನ್ನೆಲ್ಲ ಒಂದೊಂದಾಗಿ ತೆಗೆದು ವಾದಿಸುತ್ತಿದ್ದರು. ಅಂದು ಎತ್ತು ಮಾರಿದ್ದು ತಪ್ಪಲ್ಲವೇ ಎಂದರೆ ಅಪ್ಪ ಆಯ್ತು ಎನ್ನಬೇಕಾಗುತ್ತಿತ್ತು. ಇಡೀ ಜೀವಮಾನ ಸೋತಿದ್ದ ಚಿಕ್ಕಪ್ಪ ದಿನವೂ ಗೆಲ್ಲುತ್ತಿದ್ದರು. ಅಪ್ಪನೂ ಎಡಗೈಯಿಂದ ಹಾಸಿಗೆ ಬಡಿದು ಕಾದಾಡುತ್ತಿದ್ದರು. ಜಗಳವಾದ ದಿನ ಗಂಜಿ ಚೆನ್ನಾಗಿ ಸೇರುತ್ತಿತ್ತು.

ಶಾಂತಾ ದಸರಾ ರಜೆಗೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಸ್ವಲ್ಪ ತುಂಬಿಕೊಂಡಿದ್ದಳು. ಕೂಡಲೇ ಅಪ್ಪನ ಬೆನ್ನು ತಿರುಗಿಸಿ ನೋಡಿ, ಪರವಾಗಿಲ್ಲ ಎಂದಳು. ನನ್ನ ಯಾವ ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಉಸಿರು ಬಿಗಿಹಿಡಿದಿರಲಿಲ್ಲ. ಸಂಜೆ ಇಬ್ಬರೂ ಜಗಲಿಯ ಮೇಲೆ ಕಾಫಿ ಹಿಡಿದು ಕೂತೆವು. ಸಮುದ್ರಕ್ಕೆ ಹೋಗುತ್ತೀಯಾ ಎಂದು ಆದಷ್ಟು ಉದಾಸೀನದ ದನಿಯಲ್ಲಿ ಕೇಳಿದೆ. ದಿನವೂ ಕ್ಲಾಸು ಮುಗಿದ ಮೇಲೆ ಹೋಗುತ್ತೇನೆ ಎಂದಳು. ಉಬ್ಬರ ಇಳಿತ ಹೇಗಿರುತ್ತದೆ, ಹಡಗುಗಳು ದಡದಿಂದ ಎಷ್ಟು ದೂರ ನಿಲ್ಲುತ್ತವೆ, ಸರಕನ್ನು ದೋಣಿಯಲ್ಲಿ ತರುತ್ತಾರೋ ಎಂದು ನಾನು ಶುರುಮಾಡಿದೆ. ಅದೆಲ್ಲ ನೋಡಿಲ್ಲ ಎಂದಳು. ಹಾಗಾದರೆ ದಿನವೂ ಹೋಗಿ ಏನು ಮಾಡುತ್ತೀ ಎಂದು ರೇಗಿದೆ.

“ಸುಮ್ಮನೆ ನಿಂತ್ಕೋತೀನಿ ಅಣ್ಣ. ಅಲ್ಲಿ ನೀರಿನ ಸದ್ದು ಭಾಳ ಜೋರು. ಯಾರು ಕರೆದ್ರೂ ಕೇಳಲ್ಲ.”

ಇದು ನನ್ನ ಯಾವ ಪಾಠದಲ್ಲೂ ಇರಲಿಲ್ಲ. ಕಾಫಿ ಕುಡಿಯುವವನಂತೆ ಖಾಲಿ ಲೋಟವನ್ನು ಬಾಯಿಗಿಟ್ಟೆ. ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ ಬಂತು. ಸವಳಂಗ ರಸ್ತೆಯಲ್ಲಿ ಅಂಥ ಸದ್ದೇನೂ ಇಲ್ಲದ್ದರಿಂದ ಇಬ್ಬರಿಗೂ ಚೆನ್ನಾಗಿಯೇ ಕೇಳಿಸಿತು. ಶಾಂತಾ ಲೋಟ ಕೆಳಗಿಟ್ಟು ಅರ್ಧ ಎದ್ದಳು. ಎದ್ದವಳು ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು. ಸಮುದ್ರದ ಬಗ್ಗೆ ನಾನು ಕೇಳಬೇಕಾದ್ದು ಇನ್ನೂ ಬಹಳವಿತ್ತು. ಎದ್ದು ಒಳಗೆ ಹೋದೆ.